ಆಯ್ಕೆ, ಸಂದರ್ಭ ಮತ್ತು ಕೈಬಿಟ್ಟ ಸ್ವಾರಸ್ಯ

ಜೇವರ್ಗಿ ಕಡೆಯ ಒಂದು ಊರಿನಲ್ಲಿ ಹತ್ತನೆಯ ತರಗತಿಯ ಕೆಲವು ಮಕ್ಕಳಿಗೆ ಒಂದಷ್ಟು ದಿನ ಇಂಗ್ಲಿಷ್ ಪಾಠ ಹೇಳಿಕೊಟ್ಟಿದ್ದೆ. ಅವತ್ತು ಓದಿದ್ದು ‘ಕ್ವಾಲಿಟಿ ಆಫ್ ಮರ್ಸಿ’. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಿಂದ ತೆಗೆದು ಪಠ್ಯಪುಸ್ತಕದಲ್ಲಿ ಪದ್ಯವಾಗಿ ಇಟ್ಟಿರುವ ಭಾಗ. ಅರ್ಥ ಹೇಳಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಕೇಳಿದಳು: ‘ಅಕ್ಕಾ, ಇದು ಓದಿ ನನಗ ಏನ್ ಅನಸ್ತದ ಅಂತ ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?’

‘ಕೊಡ್ತಾರ’ ಅಂದುಬಿಟ್ಟೆ. ರಾತ್ರಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರವಿಕೊಂಡು ಕೂತಾಗ, ಅಷ್ಟು ಖಾತ್ರಿಯಾಗಿ ಹೇಳಬಾರದಿತ್ತು ಅನ್ನಿಸಿತು.

ಕನ್ನಡ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಎಲ್ಲರಿಗೂ ಅದು ಬಾಯಿಪಾಠ: ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ. ಉತ್ತರಕ್ಕೆ ಮೂರು ಮೆಟ್ಟಿಲು. ‘ಆಯ್ಕೆ’ ಎಂದು ಬರೆದು ಅಡಿಗೆರೆ ಎಳೆದು ಕವಿಯ ಹೆಸರು, ಕೃತಿಯ ಹೆಸರು. ‘ಸಂದರ್ಭ’ ಎಂದು ಬರೆದು ಯಾರು ಯಾರಿಗೆ ಯಾವಾಗ ಹೇಳಿದರು ಎಂಬ ವಿವರ. ಕೊನೆಗೆ ‘ಸ್ವಾರಸ್ಯ’. ಇಂಗ್ಲಿಷ್ ಪತ್ರಿಕೆಯಲ್ಲೂ ಇದರ ಅಕ್ಕನೋ ತಂಗಿಯೋ ಇದ್ದಾಳೆ. ಪಾಠದ ಒಂದು ವಾಕ್ಯ ಕೊಟ್ಟು ಇದನ್ನು ಯಾರು ಹೇಳಿದರು, ‘ಅವನು’ ಎಂದರೆ ಯಾರು, ಯಾಕೆ ಹಾಗೆ ಹೇಳಿದ ಎಂದು ಕೇಳುತ್ತಾರೆ. ಎರಡಕ್ಕೂ ಮೂರು ಮೂರು ಅಂಕ. ಆದರೆ ಇಂಗ್ಲಿಷಿನಲ್ಲಿ ಮೂರನೆಯ ಮೆಟ್ಟಿಲಿಗೆ ಹೆಚ್ಚುಕಡಿಮೆ ಜಾಗವೇ ಇಲ್ಲ. ಆಯ್ಕೆ ಇದೆ, ಸಂದರ್ಭ ಇದೆ, ಸ್ವಾರಸ್ಯ ಉಳಿದಿಲ್ಲ.

ಆ ಹುಡುಗಿ ಕೇಳಿದ್ದು ಸ್ವಾರಸ್ಯವನ್ನೇ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ವಿಶ್ಲೇಷಣಾತ್ಮಕ ಪ್ರಬಂಧ ಎಂದು ಯಾವುದನ್ನು ಕರೆಯುತ್ತೇವೋ ಅದು ಸ್ವಾರಸ್ಯವನ್ನು ಎರಡು ಪುಟಕ್ಕೆ ಬೆಳೆಸಿ, ಪಠ್ಯದ ಆಧಾರ ಕೊಟ್ಟು ಬರೆದದ್ದು, ಅಷ್ಟೇ. ಹಾಗಾದರೆ ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಬರೆಯುವ ಇಂಗ್ಲಿಷ್ ಉತ್ತರದಿಂದ ಅದು ಯಾವಾಗ, ಹೇಗೆ ಜಾರಿಹೋಯಿತು? ಇದಕ್ಕೆ ಮಕ್ಕಳ ದಡ್ಡತನವನ್ನೋ ಮಾಸ್ತರರ ಸೋಮಾರಿತನವನ್ನೋ ಕಾರಣ ಮಾಡುವುದು ಸುಲಭ. ಆದರೆ ಇದರ ಹಿಂದೆ ಒಂದು ಉದ್ದನೆಯ ಚರಿತ್ರೆ ಇದೆ.

ಆ ಚರಿತ್ರೆ ಈ ಊರುಗಳಿಂದ ದೂರದಲ್ಲಿ ಶುರುವಾಗುತ್ತದೆ. ಮೆಕಾಲೆಯ ಟಿಪ್ಪಣಿ ಬಂದದ್ದು 1835ರಲ್ಲಿ. ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದ್ದು 1857ರಲ್ಲಿ. ಈ ಮೂರಕ್ಕೂ ಮಾದರಿ ಲಂಡನ್ ವಿಶ್ವವಿದ್ಯಾಲಯ. ಅಂದಿನ ಲಂಡನ್ ವಿಶ್ವವಿದ್ಯಾಲಯ ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿತ್ತು. ಪಾಠ ನಡೆಯುತ್ತಿದ್ದುದು ಬೇರೆ ಬೇರೆ ಕಾಲೇಜುಗಳಲ್ಲಿ. ನಮ್ಮಲ್ಲೂ ಹಾಗೇ ಆಯಿತು. ಪಾಠ ಹೇಳುವವನು ಒಬ್ಬ, ಪ್ರಶ್ನೆ ತೆಗೆಯುವವನು ಇನ್ನೊಬ್ಬ, ಉತ್ತರ ತಿದ್ದುವವನು ಮತ್ತೊಬ್ಬ. ಮೂವರೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಇಂಥ ಏರ್ಪಾಟಿನಲ್ಲಿ ಯಾವ ಊರಿನ ಪರೀಕ್ಷಕ ತಿದ್ದಿದರೂ ಒಂದೇ ಅಂಕ ಬರುವಂಥ ಪ್ರಶ್ನೆಯೇ ಕ್ಷೇಮ. ಯಾರು ಯಾರಿಗೆ ಹೇಳಿದರು ಎಂಬುದಕ್ಕೆ ಒಂದೇ ಉತ್ತರ. ನಿನಗೆ ಏನು ಕಂಡಿತು ಎಂಬುದಕ್ಕೆ ನೂರು ಉತ್ತರ. ಹಾಗಾಗಿ ಮೊದಲನೆಯದು ಗಟ್ಟಿಯಾಗಿ ನೆಲೆನಿಂತಿತು, ಎರಡನೆಯದು ಮೆಲ್ಲಗೆ ಅಂಚಿಗೆ ಸರಿಯಿತು. ಲಾರ್ಡ್ ಕರ್ಜನ್ ನೇಮಿಸಿದ 1902ರ ವಿಶ್ವವಿದ್ಯಾಲಯ ಆಯೋಗವೇ, ಇಲ್ಲಿ ಪಾಠ ಪರೀಕ್ಷೆಯ ಆಳಾಗಿದೆ ಎಂದು ದೂರಿತ್ತು. ನೂರಿಪ್ಪತ್ತು ವರ್ಷದ ಹಿಂದಿನ ದೂರು ಅದು.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಇಂಗ್ಲಿಷ್ ಸಾಹಿತ್ಯ ಕಾಲೇಜಿನ ಒಂದು ವಿಷಯವಾಗಿ ಇಂಗ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಬೇರೂರುವ ಮೊದಲೇ ಭಾರತದಲ್ಲಿ ಬೇರೂರಿತ್ತು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆಂದೇ ಆನರ್ಸ್ ಪದವಿ ಶುರುವಾದದ್ದು 1890ರ ದಶಕದಲ್ಲಿ, ಕೇಂಬ್ರಿಜ್ಜಿನಲ್ಲಿ 1917ರಲ್ಲಿ. ಗೌರಿ ವಿಶ್ವನಾಥನ್ ತಮ್ಮ 1989ರ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಅವರ ಪ್ರಕಾರ ಆಳುವವರಿಗೆ ಇಂಗ್ಲಿಷ್ ಸಾಹಿತ್ಯ ಬೇಕಾಗಿದ್ದುದು ನೀತಿ ಮತ್ತು ವಿಧೇಯತೆಯನ್ನು ಕಲಿಸುವ ಸಾಧನವಾಗಿ. ಮೆಚ್ಚಿಕೊಳ್ಳಲೆಂದೇ ಕೊಟ್ಟ ಪುಸ್ತಕದ ಜೊತೆ ಜಗಳ ಆಡುವುದನ್ನು ಯಾರು ಕಲಿಸುತ್ತಾರೆ?

ಇಷ್ಟು ಬ್ರಿಟಿಷ್ ಭಾರತದ ಕತೆ. ಭೀಮಾ ನದಿಯ ಈ ಸೀಮೆ ಬ್ರಿಟಿಷರ ಕೈಯಲ್ಲಿರಲಿಲ್ಲ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆದ್ದರಿಂದ ಇಲ್ಲಿ ಇಂಗ್ಲಿಷ್ ಬಂದ ದಾರಿ ಬೇರೆ. ಮೈಸೂರಿನ ಹುಡುಗನಿಗೆ ಮನೆಯಲ್ಲೂ ಕಚೇರಿಯಲ್ಲೂ ಕನ್ನಡವಿತ್ತು, ಅದರ ಪಕ್ಕದಲ್ಲಿ ಇಂಗ್ಲಿಷ್ ಬಂತು. ಗುಲ್ಬರ್ಗದ ಹುಡುಗನಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಅದರಾಚೆಗೆ ಎಲ್ಲೋ ಇಂಗ್ಲಿಷ್. 1887ರಲ್ಲಿ ಹುಟ್ಟಿದ ಹೈದರಾಬಾದಿನ ನಿಜಾಮ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅಲ್ಲಿ ಇಂಗ್ಲಿಷ್ ಮಾಧ್ಯಮ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಮಾಧ್ಯಮ ಮಾಡಿ, ಇಂಗ್ಲಿಷನ್ನು ಕಡ್ಡಾಯ ಭಾಷೆಯಾಗಿ ಇಟ್ಟುಕೊಂಡಿತು. ಭಾರತದ ಭಾಷೆಯೊಂದರಲ್ಲಿ ವಿಜ್ಞಾನ, ಕಾನೂನು, ವೈದ್ಯ ಎಲ್ಲವನ್ನೂ ಕಲಿಸಿ ತೋರಿಸುತ್ತೇವೆ ಎಂದು ಹೊರಟ ಆ ಪ್ರಯೋಗ ದೊಡ್ಡದು, ಗೌರವಕ್ಕೆ ಅರ್ಹವಾದದ್ದು. ಆದರೆ ಕನ್ನಡ ಮನೆಯಿಂದ ಹೋದ ವಿದ್ಯಾರ್ಥಿಗೆ ಅದು ಎರಡು ಹೊಳೆ ದಾಟುವ ಕೆಲಸವಾಗಿತ್ತು. ಇಂಗ್ಲಿಷ್ ಪದ್ಯದ ಅರ್ಥ ಅವನಿಗೆ ಬರುತ್ತಿದ್ದುದು ಉರ್ದುವಿನಲ್ಲಿ. ಅದನ್ನು ಮನಸ್ಸಿನೊಳಗೆ ಕನ್ನಡಕ್ಕೆ ತಿರುಗಿಸಿಕೊಂಡು, ಪರೀಕ್ಷೆಯಲ್ಲಿ ಮತ್ತೆ ಇಂಗ್ಲಿಷಿನಲ್ಲಿ ಬರೆಯಬೇಕು. ಇಷ್ಟು ಸುತ್ತಿನ ನಡುವೆ ತನ್ನದೊಂದು ಮಾತನ್ನು ಉಳಿಸಿಕೊಳ್ಳುವುದು ಸಾಮಾನ್ಯರಿಗೆ ಸಾಧ್ಯವೇ? ಮಾಸ್ತರರು ಬರೆಸಿದ್ದನ್ನು ಅಕ್ಷರ ತಪ್ಪದೆ ಬಾಯಿಪಾಠ ಮಾಡುವುದು ಆ ಕಾಲಕ್ಕೆ ಜಾಣತನದ ದಾರಿಯೇ ಆಗಿತ್ತು.

ಕೆಲವರು ಆ ಹೊಳೆಗಳನ್ನು ಈಜಿ ದಾಟಿದರು. ಉಸ್ಮಾನಿಯಾದಲ್ಲಿ ಓದಿದ ಸಿದ್ದಯ್ಯ ಪುರಾಣಿಕರು ಕನ್ನಡದ ಕವಿಯಾಗಿ ಹೆಸರಾಗಿ, 1987ರಲ್ಲಿ ಕಲಬುರಗಿಯಲ್ಲೇ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಂಥವರು ಕೆಲವರು. ಆ ಕೆಲವರ ಹೆಸರು ಹೇಳಿ ಉಳಿದವರ ಕಷ್ಟವನ್ನು ಮುಚ್ಚಬಾರದು.

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ವರ್ಷ 1928. ಆ ವರ್ಷದ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಕಲಬುರಗಿಯಲ್ಲಿ. ಅಧ್ಯಕ್ಷರು ಬಿ.ಎಂ. ಶ್ರೀಕಂಠಯ್ಯ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕಲಿಸುತ್ತಿದ್ದುದು ಇಂಗ್ಲಿಷ್ ಸಾಹಿತ್ಯವನ್ನು. ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಹೊರಬಂದು ಆಗಿನ್ನೂ ಎರಡು ವರ್ಷ. ಉರ್ದು ಆಡಳಿತದ ಊರಿಗೆ ಕನ್ನಡದ ಸಮ್ಮೇಳನ, ಅದಕ್ಕೆ ಅಧ್ಯಕ್ಷ ಇಂಗ್ಲಿಷ್ ಮೇಷ್ಟ್ರು. ನಮ್ಮ ಊರು ಮೂರು ಭಾಷೆಗಳ ನಡುವೆ ನಿಂತಿದ್ದ ರೀತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ.

ಬಿಎಂಶ್ರೀ ಇಂಗ್ಲಿಷ್ ಪದ್ಯಗಳ ಜೊತೆ ಮಾಡಿದ್ದು ಏನು? ಅವರು ಸಾರಾಂಶ ಬರೆಯಲಿಲ್ಲ. ಯಾವ ಮಾತು ಕನ್ನಡಕ್ಕೆ ಬರಬೇಕು, ಯಾವುದನ್ನು ಬಿಡಬೇಕು, ಯಾವ ಲಯ ಇಲ್ಲಿಯ ಕಿವಿಗೆ ಒಗ್ಗುತ್ತದೆ, ಆ ನಾಡಿನ ಹೂವಿಗೆ ಈ ನಾಡಿನಲ್ಲಿ ಯಾವುದು ಸಮ ಎಂದು ಪ್ರತಿ ಸಾಲಿಗೂ ತೀರ್ಮಾನ ತೆಗೆದುಕೊಂಡರು. ಅಂಥ ತೀರ್ಮಾನಗಳೇ ವಿಶ್ಲೇಷಣೆ. ಅದಾದ ಮರುವರ್ಷ, 1929ರಲ್ಲಿ, ಕೇಂಬ್ರಿಜ್ಜಿನ ಐ.ಎ. ರಿಚರ್ಡ್ಸ್ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು. ಕವಿಯ ಹೆಸರು ಹೇಳದೆ ಪದ್ಯಗಳನ್ನು ಕೊಟ್ಟು, ಏನು ಕಂಡಿತೋ ಬರೆಯಿರಿ ಎಂದು ವಿದ್ಯಾರ್ಥಿಗಳನ್ನು ಕೇಳಿದ ಪ್ರಯೋಗ ಅದು. ಇಂಗ್ಲಿಷನ್ನೇ ಉಸಿರಾಡುವ ಆ ಮಕ್ಕಳೂ ಎಡವಿದ್ದರು. ಹೆಸರು ಗೊತ್ತಿಲ್ಲದಿದ್ದರೆ ಯಾವುದನ್ನು ಮೆಚ್ಚಬೇಕು ಎಂಬುದೇ ಹಲವರಿಗೆ ತಿಳಿಯಲಿಲ್ಲ. ಅವರಿಗೂ ‘ಆಯ್ಕೆ’ ಇಲ್ಲದೆ ‘ಸ್ವಾರಸ್ಯ’ ಸಿಕ್ಕಿರಲಿಲ್ಲ. ಭಾಷೆ ಬಂದ ಮಾತ್ರಕ್ಕೆ ಓದು ಬರುವುದಿಲ್ಲ, ಅದನ್ನು ಬೇರೆಯೇ ಕಲಿಸಬೇಕು ಎಂಬುದು ಆ ಪುಸ್ತಕದಿಂದ ನಮಗೆ ಸಿಗುವ ಸಮಾಧಾನವೂ ಹೌದು, ಎಚ್ಚರಿಕೆಯೂ ಹೌದು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಉಸ್ಮಾನಿಯಾದಲ್ಲಿ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ಕಾಲೇಜುಗಳ ಪರೀಕ್ಷೆ ಹೈದರಾಬಾದಿನಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೈಗೆ ಹೋಯಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. 1970ರಲ್ಲಿ ಕಲಬುರಗಿಗೆ ಧಾರವಾಡದ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದು ಗುಲ್ಬರ್ಗ ವಿಶ್ವವಿದ್ಯಾಲಯವಾಯಿತು. ಮೂವತ್ತೆರಡು ವರ್ಷಗಳಲ್ಲಿ ಪ್ರಶ್ನೆ ಕೇಳುವ ಊರು ಹೈದರಾಬಾದ್, ಧಾರವಾಡ, ಕಲಬುರಗಿ ಎಂದು ಎರಡು ಸಲ ಬದಲಾಯಿತು. ಅಪ್ಪ ಉರ್ದುವಿನಲ್ಲಿ, ಮಗ ಕನ್ನಡದಲ್ಲಿ ಓದಿದ ಮನೆಗಳು ಇಲ್ಲಿ ಎಷ್ಟೋ. ಮನೆಯಲ್ಲಿ ಹಿರಿಯರು ಕೂತು ಕಿರಿಯರಿಗೆ ಪುಸ್ತಕ ಬಿಡಿಸಿ ಹೇಳುವ ಸರಪಳಿ ಹೀಗೆ ತುಂಡಾಯಿತು. ಆ ಜಾಗವನ್ನು ತುಂಬಿದ್ದು ಗೈಡು.

ಗೈಡನ್ನು ಬೈಯುವುದು ನಮಗೆಲ್ಲ ರೂಢಿ. ನಾನೂ ಗೈಡು ಓದಿಯೇ ಪಾಸಾದವಳು. ಹತ್ತನೆಯ ತರಗತಿಯಲ್ಲಿ ಒಂದು ಪದ್ಯದ ಸಾರಾಂಶವನ್ನು ನಾನು ಮತ್ತು ನನ್ನ ಹಿಂದೆ ಕೂತ ಗೆಳತಿ ಒಂದೇ ಒಂದು ಕಾಮಾ ವ್ಯತ್ಯಾಸವಿಲ್ಲದೆ ಬರೆದಿದ್ದೆವು. ಯಾರೂ ಯಾರನ್ನೂ ನಕಲು ಮಾಡಿರಲಿಲ್ಲ; ಇಬ್ಬರ ಗೈಡೂ ಒಂದೇ. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಗುವಿನ ಜೊತೆ ರಾತ್ರಿ ಕೂತದ್ದು ಅದೇ ಪುಸ್ತಕ. ಅದರ ಋಣವನ್ನು ಇಲ್ಲವೆನ್ನಲಾರೆ. ಆದರೆ ಗೈಡಿನಲ್ಲಿ ‘ಕವಿ ಹೇಳುತ್ತಾನೆ’ ಎಂಬ ವಾಕ್ಯ ಸಾವಿರ ಸಲ ಬಂದರೂ ‘ನನಗೆ ಅನಿಸುತ್ತದೆ’ ಎಂಬುದು ಒಂದು ಸಲವೂ ಬರುವುದಿಲ್ಲ.

ಈಗ ಗೈಡಿನ ಜೊತೆಗೆ ಅದಕ್ಕಿಂತ ತೆಳುವಾದ ‘ಪಾಸಿಂಗ್ ಪ್ಯಾಕೇಜ್’ ಬಂದಿದೆ. ಬಾಯಿಪಾಠದ ಪದ್ಯ, ಪತ್ರಲೇಖನ, ಚಿತ್ರ ನೋಡಿ ವಾಕ್ಯ ಬರೆಯುವುದು ಹೀಗೆ ಖಾತ್ರಿ ಅಂಕಗಳನ್ನು ಮಾತ್ರ ಹೆಕ್ಕಿ ಕಟ್ಟಿದ ಬುತ್ತಿ ಅದು. ಮಕ್ಕಳನ್ನು ದಡ ಮುಟ್ಟಿಸಬೇಕೆಂಬ ಮಾಸ್ತರರ ಕಾಳಜಿ ಅದರಲ್ಲಿ ಇದೆ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದದ್ದು 2024ರಲ್ಲಿ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲೇ ಕೊನೆಯ ಸ್ಥಾನ. ಇಂಥ ಹೊತ್ತಿನಲ್ಲಿ ಸ್ವಾರಸ್ಯದ ಮಾತೆತ್ತುವುದು ಹೊಟ್ಟೆಗೆ ಹಿಟ್ಟಿಲ್ಲದವರ ಮುಂದೆ ಜುಟ್ಟಿಗೆ ಮಲ್ಲಿಗೆ ಹೂವಿನ ಮಾತೆತ್ತಿದಂತೆ ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ ಇಷ್ಟೇ: ಬಾಯಿಪಾಠದ ದಾರಿಯನ್ನು ನಾವು ತಲೆಮಾರುಗಳಿಂದ ಹಿಡಿದಿದ್ದೇವೆ. ಅದು ಮುಟ್ಟಿಸಿದ ಜಾಗ ಇದು. ಅರ್ಥವಾಗದ ವಾಕ್ಯ ನೆನಪಿನಲ್ಲಿ ನಿಲ್ಲುವುದಿಲ್ಲ. ತನ್ನದೆನಿಸಿದ ವಿಚಾರವನ್ನು ಮಗು ಮುರುಕು ಇಂಗ್ಲಿಷಿನಲ್ಲಾದರೂ ಬರೆದೀತು.

ಹಾಗಾದರೆ ನಮ್ಮ ಸೀಮೆಗೆ ಸಾಹಿತ್ಯವನ್ನು ಬಿಡಿಸಿ ನೋಡುವ ಅಭ್ಯಾಸವೇ ಇರಲಿಲ್ಲವೇ? ಇತ್ತು, ಅದೂ ಬಹಳ ಹಿಂದಿನಿಂದ. ಇದೇ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಿಂದ ಬಂದ ‘ಕವಿರಾಜಮಾರ್ಗ’ ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ. ಅದು ಕತೆಯಲ್ಲ, ಸ್ತುತಿಯಲ್ಲ. ಪದ್ಯ ಎಲ್ಲಿ ಕೆಡುತ್ತದೆ, ಹೇಗೆ ತಿದ್ದಿದರೆ ಸರಿಹೋಗುತ್ತದೆ ಎಂದು ಉದಾಹರಣೆ ಕೊಟ್ಟು ತೋರಿಸುವ ಪುಸ್ತಕ. ನಮಗೆ ಸಿಕ್ಕಿರುವ ಕನ್ನಡದ ಗ್ರಂಥಗಳ ಸಾಲು ಶುರುವಾಗುವುದೇ ವಿಮರ್ಶೆಯಿಂದ, ಅದೂ ನಮ್ಮ ಜಿಲ್ಲೆಯಲ್ಲಿ. ಶಾಲೆಯಲ್ಲಿ ಓದದ ಕನ್ನಡದ ಜನರೂ ಕಾವ್ಯದಲ್ಲಿ ಪರಿಣತರು ಎಂಬ ಅರ್ಥದ ಮಾತು ಬರುವುದೂ ಅದೇ ಗ್ರಂಥದಲ್ಲಿ.

ಅದು ಹೊಗಳಿಕೆಗೆ ಹೇಳಿದ ಮಾತಲ್ಲ ಎಂದು ತಿಳಿಯಬೇಕಾದರೆ ಈ ಮೂರು ತಾಲೂಕುಗಳ ಭಜನೆಯಲ್ಲಿ ಒಂದು ರಾತ್ರಿ ಕೂರಬೇಕು. ತತ್ವಪದಕಾರ ಕಡಕೋಳ ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ. ನೆಲೆನಿಂತ ಕಡಕೋಳ ಮೊದಲು ಜೇವರ್ಗಿ ತಾಲೂಕಿನಲ್ಲಿತ್ತು, ಈಗ ಯಡ್ರಾಮಿ ತಾಲೂಕಿನಲ್ಲಿದೆ. ಅವರ ಪದ, ಅವರ ಶಿಷ್ಯರಾದ ಖೈನೂರು ಕೃಷ್ಣಪ್ಪ, ಚನ್ನೂರು ಜಲಾಲಸಾಹೇಬರ ಪದಗಳನ್ನು ಏಕತಾರಿ, ತಾಳದ ಜೊತೆ ಹಾಡುತ್ತಾರೆ. ಪದ ಮುಗಿದ ಮೇಲೆ ಯಾರೋ ಒಬ್ಬರು ಕೇಳುತ್ತಾರೆ: ‘ಇದರ ಒಳಾರ್ಥ ಏನ್ರಿ?’ ಆಗ ಮಾತು ಶುರು. ಈ ಹಕ್ಕಿ ಅಂದರೆ ಜೀವ, ಈ ಗೂಡು ಅಂದರೆ ದೇಹ ಅಂತ ಒಬ್ಬರು. ಹಾಗಾದರೆ ಮುಂದಿನ ನುಡಿಯಲ್ಲಿ ಬರುವ ಬೇಟೆಗಾರ ಯಾರು ಅಂತ ಇನ್ನೊಬ್ಬರು. ಹೇಳಿದ ಅರ್ಥ ಮುಂದಿನ ಸಾಲಿಗೆ ಹೊಂದದಿದ್ದರೆ ಒಪ್ಪುವುದಿಲ್ಲ. ಮುಂಡಿಗೆ ಒಡೆಯುವುದು ಅಂದರೆ ಇದೇ. ಆಧಾರ ಕೊಡು, ಇಡೀ ಪದಕ್ಕೆ ಹೊಂದಿಸು, ಆಕ್ಷೇಪಕ್ಕೆ ಉತ್ತರ ಹೇಳು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ‘ಕ್ಲೋಸ್ ರೀಡಿಂಗ್’ ಎಂಬ ಹೆಸರಿನಲ್ಲಿ ಕಲಿಸಿದ್ದೂ ಇದನ್ನೇ. ರಾತ್ರಿ ಭಜನೆಯಲ್ಲಿ ಅಜ್ಜನ ಪಕ್ಕ ಕೂತು ಇದನ್ನು ಕೇಳಿದ ಮಗು ಬೆಳಿಗ್ಗೆ ಇಂಗ್ಲಿಷ್ ತರಗತಿಗೆ ಬಂದು ಸಾರಾಂಶ ಬರೆದುಕೊಳ್ಳುತ್ತದೆ. ಎರಡೂ ಒಂದೇ ಕೆಲಸ ಎಂದು ಯಾರೂ ಅದಕ್ಕೆ ಹೇಳುವುದಿಲ್ಲ.

ಹೇಳಿದರೆ ಏನಾದೀತು ಎಂಬುದಕ್ಕೆ ಆ ಹುಡುಗಿಯ ಪದ್ಯಕ್ಕೇ ವಾಪಸು ಹೋಗೋಣ. ಪಠ್ಯದಲ್ಲಿರುವಷ್ಟೇ ಓದಿದರೆ ‘ಕ್ವಾಲಿಟಿ ಆಫ್ ಮರ್ಸಿ’ ಕರುಣೆಯ ಮೇಲಿನ ಸುಭಾಷಿತ. ಕರುಣೆ ಬಲವಂತದಿಂದ ಬರುವುದಲ್ಲ, ಕೊಟ್ಟವರನ್ನೂ ಪಡೆದವರನ್ನೂ ಹರಸುತ್ತದೆ, ರಾಜನಿಗೆ ಕಿರೀಟಕ್ಕಿಂತ ಹೆಚ್ಚು ಒಪ್ಪುತ್ತದೆ. ಗೈಡಿನ ಸಾರಾಂಶ ಇಲ್ಲಿಗೆ ಮುಗಿಯುತ್ತದೆ. ಈಗ ನಮ್ಮ ಕನ್ನಡ ಪತ್ರಿಕೆಯ ಮೂರು ಮೆಟ್ಟಿಲು ಹತ್ತೋಣ. ಆಯ್ಕೆ: ಷೇಕ್ಸ್‌ಪಿಯರನ ನಾಟಕ, ನಾಲ್ಕನೆಯ ಅಂಕ. ಸಂದರ್ಭ: ವೆನಿಸ್ಸಿನ ನ್ಯಾಯಾಲಯ. ಕೊಟ್ಟ ಸಾಲ ಮರಳಿ ಬರಲಿಲ್ಲವೆಂದು ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಕೇಳುತ್ತಿದ್ದಾನೆ ಯಹೂದಿ ಶೈಲಾಕ್. ವಕೀಲನ ವೇಷ ಹಾಕಿ ಬಂದ ಪೋರ್ಷಿಯಾ ಅವನಿಗೆ ಹೇಳುವ ಮಾತು ಇದು. ಸ್ವಾರಸ್ಯ: ಕರುಣೆ ತೋರು ಎಂದು ಯಾರಿಗೆ ಹೇಳಲಾಗುತ್ತಿದೆಯೋ ಅವನ ಮೇಲೆ ಇದೇ ಆಂಟೋನಿಯೋ ಹಿಂದೆ ಉಗುಳಿದ್ದ. ಸ್ವಲ್ಪ ಹೊತ್ತಿನಲ್ಲೇ ಶೈಲಾಕ್ ಸೋಲುತ್ತಾನೆ. ಆಗ ಅದೇ ನ್ಯಾಯಾಲಯ ಅವನ ಆಸ್ತಿಯ ಮೇಲೆ ಕೈಹಾಕುತ್ತದೆ, ಅವನು ತನ್ನ ಧರ್ಮ ಬಿಟ್ಟು ಕ್ರೈಸ್ತನಾಗಬೇಕೆಂದು ಷರತ್ತು ಹಾಕುತ್ತದೆ. ಅದನ್ನೂ ಕರುಣೆ ಎಂದೇ ಕರೆಯುತ್ತದೆ. ಹಾಗಾದರೆ ಬಲವಂತದಿಂದ ಬರುವುದಲ್ಲ ಎಂದ ಕರುಣೆ ಎಲ್ಲಿ ಹೋಯಿತು?

ಇಷ್ಟನ್ನು ನಾನು ಕತೆಯಾಗಿ ಹೇಳಿದೆ, ಸ್ವಾರಸ್ಯ ಹೇಳಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ಗೆದ್ದವ್ರು ಮಾಡಿದ್ರ ಅದು ಕರುಣಾ ಅಂತಾರೇನ್ರಿ?’ ಅಂದಳು. ನೂರಾರು ವಿದ್ವಾಂಸರು ಆ ನಾಟಕದ ಬಗ್ಗೆ ಎತ್ತಿರುವ ಪ್ರಶ್ನೆ ಅದು. ಅವಳು ಯಾವ ಪುಸ್ತಕದಿಂದಲೂ ಅದನ್ನು ತಂದಿರಲಿಲ್ಲ. ಆಮೇಲೆ ನಾವಿಬ್ಬರೂ ಕೂತು ಆ ಒಂದು ಮಾತನ್ನು ನಾಲ್ಕು ಇಂಗ್ಲಿಷ್ ವಾಕ್ಯ ಮಾಡಿದೆವು. ಮೊದಲ ವಾಕ್ಯದಲ್ಲಿ ಅವಳಿಗೆ ಅನಿಸಿದ್ದು, ಎರಡು ಮತ್ತು ಮೂರರಲ್ಲಿ ನಾಟಕದ ಆಧಾರ, ನಾಲ್ಕರಲ್ಲಿ ಅದರಿಂದ ಏನು ತಿಳಿಯಿತು ಎಂಬುದು. ವ್ಯಾಕರಣ ಎರಡು ಕಡೆ ತಪ್ಪಿತ್ತು. ತಿದ್ದಿದೆವು. ಪಿಯುಸಿಗೆ ಹೋದಾಗ ಎಂಬತ್ತರಿಂದ ನೂರು ಪದಗಳ ಉತ್ತರ ಕೇಳುತ್ತಾರೆ. ಬೆಳೆಸಬೇಕಾದದ್ದು ಇದೇ ನಾಲ್ಕು ವಾಕ್ಯಗಳನ್ನು. ಅಲ್ಲಿಯ ಇಂಗ್ಲಿಷ್ ಪಠ್ಯದಲ್ಲಿ ಕುವೆಂಪು, ಲಂಕೇಶ್, ಮೂಡ್ನಾಕೂಡು ಚಿನ್ನಸ್ವಾಮಿ ಕೂಡ ಇಂಗ್ಲಿಷಿಗೆ ಅನುವಾದವಾಗಿ ಬಂದು ಕೂತಿದ್ದಾರೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯಲು ಅದಕ್ಕಿಂತ ಒಳ್ಳೆಯ ಅವಕಾಶ ಬೇಕೇ?

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಸಿಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅಲ್ಲಿದೆ. ಅದರಲ್ಲಿ ಇಂಗ್ಲಿಷ್ ವಿಭಾಗವೂ ಇದೆ. ಅದರ ಮೊದಲ ಕುಲಾಧಿಪತಿ ಯು.ಆರ್. ಅನಂತಮೂರ್ತಿ, ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು ಕನ್ನಡದಲ್ಲಿ ಕಾದಂಬರಿ ಬರೆದವರು. 1928ರಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು ಅತಿಥಿಯಾಗಿ ಬಂದಿದ್ದ ಜಿಲ್ಲೆಯಲ್ಲಿ ಈಗ ಇಂಗ್ಲಿಷ್ ಸಾಹಿತ್ಯದಲ್ಲೇ ಸಂಶೋಧನೆ ಮಾಡಬಹುದು. ಸುತ್ತಲಿನ ಹಳ್ಳಿಗಳ ಎಷ್ಟು ಮಕ್ಕಳು ಆ ವಿಭಾಗದ ಮೆಟ್ಟಿಲು ಹತ್ತುತ್ತಾರೆ ಎಂಬುದು ಹತ್ತನೆಯ ತರಗತಿಯ ಮೂರು ಅಂಕದ ಪ್ರಶ್ನೆಯಲ್ಲಿ ನಾವು ಏನು ಕೇಳುತ್ತೇವೆ ಎಂಬುದರ ಮೇಲೂ ನಿಂತಿದೆ.

ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನದು ಸಣ್ಣ ಬೇಡಿಕೆ. ಇಂಗ್ಲಿಷ್ ವಾಕ್ಯ ಕೊಟ್ಟು ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕೇಳಿದ ಮೇಲೆ ಸ್ವಾರಸ್ಯವನ್ನೂ ಕೇಳಿ. ಒಂದು ಅಂಕ ಸಾಕು. ನಾನು ಆ ಹುಡುಗಿಗೆ ‘ಕೊಡ್ತಾರ’ ಅಂದು ಬಂದಿದ್ದೇನೆ.